ಟಾಕೊರಾಡಿಯಿಂದ ಹೊರಟ ಕಲ್ಲು

ಸೆಪ್ಟೆಂಬರ್ 3, ಭಾನುವಾರ

ಗಿನಿ ಕೊಲ್ಲಿಯ ಈ ದಂಡೆಯ ಮೇಲೆ ನನ್ನಂಥ ಉಪದೇಶಿ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವ ಲಕ್ಷಣವೂ ಇಲ್ಲ. ನಾನು ಪ್ರಸಂಗಪೀಠ ಹತ್ತಿ ಗಂಟಲು ಸರಿಮಾಡಿಕೊಂಡರೆ ಸಾಕು, ತಿಮಿಂಗಿಲಗಳು ದಡದ ಹತ್ತಿರ ಬಂದು ತಲೆ ಎತ್ತಿ ಕೇಳುತ್ತವೆ. ಅವು ಎರಡು ಸಲ 'ಆಮೆನ್' ಎಂದದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ.

ಇದನ್ನು ಇಲ್ಲಿ ಬರೆಯಲು ನನಗೆ ಸಂಕೋಚವಿಲ್ಲ. ಈ ಪುಸ್ತಕವನ್ನು ಬೇರೆ ಯಾರೂ ಓದುವುದಿಲ್ಲ. ನಮ್ಮ ಎಸ್ಸಾಕ್ರೊಮ್ ಸಭೆಗೆ ಹೊಸದಾಗಿ ಬಂದ ಪಾದ್ರಿ ಬೊಚ್ವೆ ಅಯ್ಯನವರು ಇವತ್ತು ಆರಾಧನೆ ಮುಗಿದ ಮೇಲೆ ಮುಖಂಡರಿಗೆಲ್ಲ ತಲಾ ಒಂದು ನೋಟುಬುಕ್ಕು ಹಂಚಿದರು. ಅಕ್ಟೋಬರಿನಲ್ಲಿ, ಆರಿದ ಭಕ್ತಿಗೆ ಮತ್ತೆ ಬೆಂಕಿ ಹಚ್ಚುವ ಉಜ್ಜೀವನ ವಾರ ನಡೆಯುತ್ತದೆ. ಅಲ್ಲಿಯವರೆಗೆ ನಾವು ಪುಟದ ಎಡಗಡೆ 'ನಾನು ದೇವರಿಗೆ ಹೇಳಿದ್ದು', ಬಲಗಡೆ 'ದೇವರು ನನಗೆ ಹೇಳಿದ್ದು' ಎಂದು ಬರೆಯಬೇಕಂತೆ.

"ನಿಮ್ಮೊಳಗಿನ ಬೆಂಕಿ ಎಲ್ಲಿಗೆ ಬಂದಿದೆ ಅಂತ ನೋಡ್ಕೊಳ್ಳಿ" ಎಂದರು.

"ನಮ್ಮೂರಲ್ಲಿ ಬೆಂಕಿ ನೋಡ್ಕೊಳ್ಳೋದು ಮೀನಿಗೆ ಹೊಗೆ ಹಾಕೋ ಹೆಂಗಸರ ಕೆಲಸ, ಅಯ್ಯನವರೇ" ಎಂದೆ. ಎಲ್ಲರೂ ನಕ್ಕರು. ಅಯ್ಯನವರಿಗೆ ಮೂವತ್ತೆರಡು ವರ್ಷ. ನನ್ನ ಚಪ್ಪಲಿಗೇ ಅದಕ್ಕಿಂತ ಹೆಚ್ಚು ವಯಸ್ಸಾಗಿದೆ.

ನಗದೇ ಇದ್ದವಳು ಒಬ್ಬಳೇ, ನನ್ನ ಹೆಂಡತಿಯ ಅಕ್ಕ ಬೆದುವಾ ಅತ್ತಿಗೆ. ಅವಳೇ ಆ ಹೊಗೆ ಹಾಕುವ ಹೆಂಗಸು. ಬಾಗಿಲ ಬಳಿ ನನ್ನನ್ನು ನಿಲ್ಲಿಸಿದಳು.

"ಎಕೋವ್, ಕಲ್ಲು ಎಲ್ಲಿಗೆ ಬಂತು?"

"ಟಾಕೊರಾಡಿಯಿಂದ ಹೊರಟಿದೆ ಅತ್ತಿಗೆ."

"ಹದಿನಾಲ್ಕು ತಿಂಗಳಿಂದ ಹೊರಟೇ ಇದೆ. ನಡ್ಕೊಂಡು ಬರ್ತಾ ಇದ್ಯಾ?"

"ದೊಡ್ಡ ಕಲ್ಲು. ಲಾರಿ ಸಿಗ್ಬೇಕಲ್ಲ."

ಅವಳು ಮೆಟ್ಟಿಲಿಳಿದು ಹೋದಳು. ನನ್ನ ಹೆಂಡತಿ ಅರಾಬಾ ತೀರಿಕೊಂಡು ಬರುವ ತಿಂಗಳಿಗೆ ಮೂರು ವರ್ಷ. ಮೀನು ಮಾರಿ ಹಾಲಿನ ಪುಡಿಯ ಡಬ್ಬಿಯಲ್ಲಿ ಕೂಡಿಟ್ಟದ್ದನ್ನು ಕೊನೆಯ ವಾರದಲ್ಲಿ ನನ್ನ ಕೈಗೆ ಕೊಟ್ಟು, "ಇದು ನನ್ನ ಗೋರಿ ಕಲ್ಲಿಗೆ. ಹೆಸರು ಕೆತ್ತಿಸು. ಮಳೆ ಬಂದ್ರೆ ಅಳಿಸಿಹೋಗೋ ಹಾಗೆ ಬೇಡ" ಎಂದಿದ್ದಳು. ಅತ್ತಿಗೆ ಪಕ್ಕದಲ್ಲೇ ಇದ್ದಳು. ಕಲ್ಲು ಕೆತ್ತುವವರಿರುವುದು ಟಾಕೊರಾಡಿ ಪಟ್ಟಣದಲ್ಲಿ. ಕಲ್ಲಿನ ಸಂಗತಿ ಇಷ್ಟೇ. ಡಬ್ಬಿಯ ಸಂಗತಿ ಇನ್ನೊಂದು ದಿನ.

ಎಡಗಡೆ: ಏನಿಲ್ಲ. ಬಲಗಡೆ: ಏನಿಲ್ಲ. ನಾವಿಬ್ಬರೂ ಸರಿಸಮ.

ಸೆಪ್ಟೆಂಬರ್ 5, ಮಂಗಳವಾರ

ಮಂಗಳವಾರ ನಮ್ಮ ದಂಡೆಯಲ್ಲಿ ಯಾರೂ ಕಡಲಿಗೆ ಇಳಿಯುವುದಿಲ್ಲ. ಗಂಡಸರೆಲ್ಲ ಬಲೆ ಹೊಲಿಯುತ್ತ ಫೀಫಿಯ ಗೂಡಂಗಡಿಯ ಸುತ್ತ ಕೂತಿರುತ್ತಾರೆ. ಅಂಗಡಿಯ ಹೆಸರು 'ಕರ್ತನ ಕೃಪೆ ಲಾಟರಿ'. ಬೋರ್ಡು ಬರೆದವನು ನಾನೇ. ದೋಣಿಗಳಿಗೆ ಬಣ್ಣ ಬಳಿದು ಅವುಗಳ ಮೇಲೆ ವಾಕ್ಯ ಬರೆಯುವುದು ನನ್ನ ಕಸುಬು. ಊರ ಶಾಲೆಯಲ್ಲಿ ಆರನೇ ತರಗತಿಯವರೆಗೆ ಓದಿದವನು ನಾನು. ಆರನೆಯದನ್ನು ಮೂರು ಸಲ ಓದಿದ್ದರಿಂದ ಎಂಟನೆಯದು ಎಂದೇ ಹೇಳಿಕೊಳ್ಳುತ್ತೇನೆ.

ಸಭೆಯಲ್ಲಿ ನನಗೆ ಉಪದೇಶಿಯ ಹುದ್ದೆಯಲ್ಲದೆ ಇನ್ನೂ ಒಂದು ಹುದ್ದೆಯಿದೆ. ಅವತ್ತು ಹಾಡುವ ಗೀತೆಗಳ ನಂಬರನ್ನು ಗೋಡೆಯ ಹಲಗೆಗೆ ಸಿಕ್ಕಿಸುವವನು ನಾನು. ಅಯ್ಯನವರು ಚೀಟಿ ಕೊಡುತ್ತಾರೆ, ನಾನು ಮರದ ಅಂಕಿಗಳನ್ನು ಜೋಡಿಸುತ್ತೇನೆ. ಈ ಭಾನುವಾರದವು 217, 64, 335. ಈಗ ಫೀಫಿಯ ಲಾಟರಿಯಲ್ಲಿ ತೊಂಬತ್ತರೊಳಗಿನ ಎರಡು ಸಂಖ್ಯೆ ಹೇಳಬೇಕು. ಶನಿವಾರ ಎತ್ತುವ ಐದರಲ್ಲಿ ಆ ಎರಡೂ ಇದ್ದರೆ ಕಟ್ಟಿದ್ದರ ಇನ್ನೂರ ನಲವತ್ತು ಪಟ್ಟು ಕೈಗೆ. ಲೋಕದ ಸಂಖ್ಯೆಗಳಿಗಿಂತ ದೇವರ ಮನೆಯ ಸಂಖ್ಯೆಗಳು ಶುದ್ಧ ಎಂಬುದು ನನ್ನ ಸಿದ್ಧಾಂತ. 64 ಮತ್ತು 17 ಕಟ್ಟಿದೆ.

ಎರಡು ವರ್ಷದಲ್ಲಿ ಒಟ್ಟು ಎಷ್ಟು ಹೋಗಿದೆ ಎಂದು ನನ್ನನ್ನೇ ಕೇಳಿಕೊಂಡೆ. ಏನು ಮಹಾ, ಒಂದು ಕೋಳಿಯ ಬೆಲೆ.

ಸೆಪ್ಟೆಂಬರ್ 10, ಭಾನುವಾರ

ಇವತ್ತು ಪ್ರಸಂಗ ನನ್ನದು. ಒಣಗಿದ ಎಲುಬುಗಳ ಕಣಿವೆ, ದೇವರ ಮಾತಿಗೆ ಸತ್ತವರ ಎಲುಬುಗಳು ಎದ್ದು ಬದುಕುವ ಬೈಬಲಿನ ಕಥೆ. ಇಪ್ಪತ್ತು ವರ್ಷದಿಂದ ಸುತ್ತಲಿನ ಒಂಬತ್ತು ಊರುಗಳಲ್ಲಿ ಹೇಳಿ ಹೇಳಿ ನುಣುಪಾದ ಪ್ರಸಂಗ. ಎಲುಬಿಗೆ ಎಲುಬು ಕೂಡಿಕೊಳ್ಳುವ ಕಡೆ ಮೇಜಿನ ಮೇಲೆ ಗುದ್ದುತ್ತೇನೆ. ಇವತ್ತು ಗುದ್ದುವ ಮೊದಲೇ ಮುಂದಿನ ಬೆಂಚಿನ ಮುದುಕ ಬೆಚ್ಚಿಬೀಳದ ಹಾಗೆ ಕೋಲನ್ನು ಬಿಗಿಯಾಗಿ ಹಿಡಿದುಕೊಂಡ. ಜನರಿಗೆ ನನ್ನ ಪ್ರಸಂಗ ಅಷ್ಟು ಬಾಯಿಪಾಠ.

ನಮ್ಮ ಸಭೆಗಳಲ್ಲಿ ಒಂದು ಪದ್ಧತಿಯಿದೆ. ಪ್ರಸಂಗ ನಡೆಯುತ್ತಿರುವಾಗ ಒಂದು ಮಾತು ಎದೆಗೆ ತಾಗಿದರೆ ಓದು ಬಾರದ ಮುದುಕಿಯರು ಕೂತಲ್ಲೇ ಹಾಡು ಎತ್ತುತ್ತಾರೆ. ಪುಸ್ತಕದ ಹಾಡಲ್ಲ, ಆಗಲೇ ಬಾಯಿಗೆ ಬಂದದ್ದು. ಹಾಡು ಎದ್ದರೆ ಪ್ರಸಂಗಿ, ಬಿಷಪ್ಪರೇ ಆಗಲಿ, ಬಾಯಿ ಮುಚ್ಚಿ ನಿಲ್ಲಬೇಕು. ಬೆದುವಾ ಅತ್ತಿಗೆಯ ಹಾಡಿಗೆ ಹೊರಗೆ ನಡೆದುಹೋಗುವವರೂ ಒಳಗೆ ಬರುತ್ತಿದ್ದ ಕಾಲವಿತ್ತು. ಅರಾಬಾ ಹೋದಾಗಿನಿಂದ ಅವಳು ಒಂದು ಹಾಡನ್ನೂ ಎತ್ತಿಲ್ಲ. ನನ್ನ ಪ್ರಸಂಗಗಳು ತಡೆಯಲಾಗದಷ್ಟು ಪರಿಪೂರ್ಣವಾಗಿವೆ ಎಂಬುದೇ ಕಾರಣವಿರಬೇಕು.

ಒಂದು ಸಂತೋಷದ ವಿಷಯ. ಜನರಲ್ಲಿ ಭಕ್ತಿ ಹೆಚ್ಚಿದೆ. ನಾನು ಹಲಗೆಗೆ ಅಂಕಿ ಸಿಕ್ಕಿಸುವಾಗಲೇ ಎಷ್ಟೋ ಮಂದಿ ಕತ್ತು ಉದ್ದ ಮಾಡಿ ನೋಡುತ್ತಾರೆ, ಕೆಲವರು ಅಂಗೈ ಮೇಲೆ ಬರೆದುಕೊಳ್ಳುತ್ತಾರೆ. ಗೀತೆಗಳ ಮೇಲೆ ಇಂಥ ಹಂಬಲ ನಾನು ಕಂಡಿರಲಿಲ್ಲ.

ಎಡ, ಬಲ: ಖಾಲಿ.

ಸೆಪ್ಟೆಂಬರ್ 17, ಭಾನುವಾರ

ಬರೆಯಬಾರದು ಎಂದುಕೊಂಡೆ. ಬರೆಯುತ್ತೇನೆ.

ಇವತ್ತು ನನ್ನ ತಂಗಿಯ ಮಗಳು ಎಕುವಾಳ ಕೂಸಿಗೆ ದೀಕ್ಷಾಸ್ನಾನ. ಎಕುವಾ ಸಂತೆ ದಾರಿಯಲ್ಲಿ ಡೊಕೊನೊ ಮಾರುತ್ತಾಳೆ. ಹುಳಿಹಿಟ್ಟನ್ನು ಬಾಳೆಲೆಯಲ್ಲಿ ಸುತ್ತಿ ಬೇಯಿಸುವ ಕೈ ಎಷ್ಟು ಮೆದುವೋ ನಾಲಿಗೆ ಅಷ್ಟೇ ಖಾರ. ಅಯ್ಯನವರು ಬೆಳಗ್ಗೆ ಪಕ್ಕದ ಊರಿನಲ್ಲಿ ಆರಾಧನೆ ಮುಗಿಸಿ ಬರುವವರಿದ್ದರು. ಅಲ್ಲಿಯವರೆಗೆ ನಡೆಸಿಕೊಡುವ ಜವಾಬ್ದಾರಿ ನನ್ನದು. ನಿನ್ನೆಯೇ ಚೀಟಿ ಕೊಟ್ಟಿದ್ದರು. ಅಂಗಿಯ ಜೇಬಿನಲ್ಲಿಟ್ಟೆ. ಅದೇ ಜೇಬಿನಲ್ಲಿ ಫೀಫಿಗೆ ಕೊಡಬೇಕಾದ, ಸಂಖ್ಯೆಗಳನ್ನು ಒತ್ತೊತ್ತಾಗಿ ಬರೆದ ನನ್ನ ಲಾಟರಿ ಚೀಟಿಯೂ ಇತ್ತು.

ಕನ್ನಡಕ ಮನೆಯಲ್ಲಿ ಬಿಟ್ಟಿದ್ದೆ. ಹಲಗೆಗೆ ಸಿಕ್ಕಿಸಿದೆ: 486, 391, 720. ಗಂಭೀರವಾಗಿ ಪೀಠ ಹತ್ತಿ, "ನಾನೂರ ಎಂಬತ್ತಾರನೆಯ ಗೀತೆ, ಎದ್ದು ನಿಂತು ಹಾಡೋಣ" ಎಂದೆ. ನಮ್ಮ ಜನ ವಿಧೇಯರು. ನಿಂತರು, ಹಾಡಿದರು. ಎರಡನೆಯ ಚರಣದ ಹೊತ್ತಿಗೆ ನನಗೇ ಏನೋ ಸರಿಯಿಲ್ಲ ಅನ್ನಿಸಿತು. ಅದು ಗೋರಿಯ ಬಳಿ, ಮಣ್ಣು ಹಾಕುವಾಗ ಹಾಡುವ ಗೀತೆ. ಅಯ್ಯನವರು ಬೈಕಿನಿಂದ ಇಳಿದು ಒಳಗೆ ಬಂದಾಗ ಬಿಳಿ ಜರಿ ಅಂಗಿಯ ಕೂಸನ್ನು ಎತ್ತಿಕೊಂಡ ಎಕುವಾಳ ಸುತ್ತ ಇಡೀ ಸಭೆ ನಿಂತು ಅದನ್ನು ಪರಲೋಕಕ್ಕೆ ಕಳಿಸಿಕೊಡುತ್ತಿತ್ತು.

ಮೂರನೆಯದಕ್ಕೆ 720 ಹುಡುಕಿ ಜನ ಪುಸ್ತಕದ ರಟ್ಟಿನವರೆಗೂ ಹೋದರು. ಅಷ್ಟು ಗೀತೆಗಳೇ ನಮ್ಮ ಪುಸ್ತಕದಲ್ಲಿಲ್ಲ.

ಹೊರಗೆ ಎಕುವಾ ಕಾಯುತ್ತಿದ್ದಳು.

"ಮಾವ, ಉಸಿರಾಡ್ತಿರೋ ಮಗೂನ ಮಣ್ಣು ಮಾಡಿದ್ಯಲ್ಲ!"

"ಕೈತಪ್ಪಮ್ಮ. ಕನ್ನಡಕ ಇರ್ಲಿಲ್ಲ."

"ಕನ್ನಡಕ ಇಲ್ದೇ ಹೋದ್ರೆ ಒಂದು ಅಂಕಿ ತಪ್ಪಾಗುತ್ತೆ. ಒಂಬತ್ತೂ ತಪ್ಪಾಗಲ್ಲ. ಯಾವ ಚೀಟಿ ಅದು?"

ನನಗೆ ತುರ್ತು ಕೆಲಸ ನೆನಪಾಯಿತು, ಬಂದುಬಿಟ್ಟೆ.

ಸೆಪ್ಟೆಂಬರ್ 24, ಭಾನುವಾರ

ನನ್ನ ಮೇಲೆ ದಂಗೆ ಎದ್ದಿತು.

ಆರಾಧನೆ ಮುಗಿದ ಮೇಲೆ ತೆಂಗಿನ ಮರದ ಕೆಳಗೆ ಹದಿನಾಲ್ಕು ಮಂದಿ ನನ್ನನ್ನು ಸುತ್ತುವರಿದರು. ಮುಂದೆ ನಿಂತದ್ದು ಪ್ರಸಂಗದ ಹೊತ್ತಿಗೆ ಕೋಲು ಬಿಗಿಹಿಡಿಯುವ ಅದೇ ಮುದುಕ, ಎಗ್ಯಾ ನ್ಯಾರ್ಕು.

"ಉಪದೇಶಿಗಳೇ, ನಿಮ್ಮ ಹಲಗೆ ನಮಗೆ ಮೋಸ ಮಾಡ್ತು."

"ಯಾವ ಮೋಸ?"

"ಕೂಸಿನ ದೀಕ್ಷಾಸ್ನಾನದ ದಿನ ಗೋರಿ ಹಾಡು ಬಂದ್ರೆ ಅದು ಬರೀ ತಪ್ಪಾ? ದೊಡ್ಡ ಸೂಚನೆ ಅಂದ್ಕೊಂಡ್ವಿ. 4, 86 ಎರಡರಷ್ಟು ಕಟ್ಟಿದ್ವಿ. ನಾನು ಬಲೆ ಒತ್ತೆ ಇಟ್ಟು ಕಟ್ದೆ!"

"ನಾನು 7, 20 ಕಟ್ದೆ" ಎಂದಳು ಗಾಯಕಮಂಡಳಿಯ ಒಬ್ಬಳು. "720 ಅಂದ್ರೆ 7, 20 ಅಲ್ವಾ? ಪುಸ್ತಕದಲ್ಲೇ ಇಲ್ದಿರೋ ನಂಬರು. ಪರಲೋಕದಿಂದ ಬಂದಿರ್ಬೇಕು ಅಂತ."

ಎಷ್ಟು ದಿನದಿಂದ ಹೀಗೆ ಎಂದು ಕೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನಿಮ್ಮನ್ನ ನೋಡೇ ಕಲ್ತಿದ್ದು. ನೀವು ಮಂಗಳವಾರ ಬೆಳಗ್ಗೆ ಫೀಫಿ ಹತ್ರ ಹೋಗ್ತೀರಲ್ಲ" ಎಂದ ನ್ಯಾರ್ಕು.

ಇಪ್ಪತ್ತು ವರ್ಷದ ಪ್ರಸಂಗದಿಂದ ಇವರು ಏನೂ ಕಲಿಯಲಿಲ್ಲವೆಂದು ನಾನು ಕೊರಗುತ್ತಿದ್ದೆ. ಇದೊಂದನ್ನು ಹೇಳಿಕೊಡದೆಯೇ ಕಲಿತಿದ್ದಾರೆ. ಕಾಣದ ಹಾಗೆ ಕದಿಯುತ್ತಿದ್ದ ಒಬ್ಬ ಕಳ್ಳ ಎಂದುಕೊಂಡಿದ್ದೆ ನನ್ನನ್ನು. ನೋಡಿದರೆ ನಾನು ಪಾಠಶಾಲೆ ನಡೆಸುತ್ತಿದ್ದೆ.

ಇಡೀ ಸಭೆಯಲ್ಲಿ ಆ ಹಲಗೆಯ ಮೇಲೆ ಕಣ್ಣಿಲ್ಲದವಳು ಬೆದುವಾ ಅತ್ತಿಗೆಯೊಬ್ಬಳೇ. ಅವಳಿಗೆ ಅಂಕಿ ಓದಲು ಬರುವುದಿಲ್ಲ.

ಒಟ್ಟು ಹೋದದ್ದು ಕೋಳಿಯ ಬೆಲೆಯಲ್ಲ. ಒಂದು ಆಡಿನ ಬೆಲೆ ಎಂದಿಟ್ಟುಕೊಳ್ಳೋಣ.

ಸೆಪ್ಟೆಂಬರ್ 26, ಮಂಗಳವಾರ

ಅತ್ತಿಗೆ ಮನೆಗೇ ಬಂದಳು. ಕೂರಲಿಲ್ಲ. ಮೀನಿನ ಹೊಗೆಯ ವಾಸನೆ ಅವಳ ಜೊತೆ ಒಳಗೆ ಬಂತು. ಅರಾಬಾಳ ಬಟ್ಟೆಯಲ್ಲೂ ಅದೇ ವಾಸನೆ ಇರುತ್ತಿತ್ತು.

"ಅಕ್ಟೋಬರ್ ಇಪ್ಪತ್ತೆರಡು ಭಾನುವಾರ ಬಿದ್ದಿದೆ. ಉಜ್ಜೀವನ ವಾರದ ಕೊನೇ ದಿನ. ಅವತ್ತೇ ನನ್ನ ತಂಗಿಗೆ ಮೂರು ವರ್ಷ. ನಮ್ಮ ಮನೆತನದ ಹಿರಿಯರಿಗೆ ಹೇಳಿ ಕಳಿಸಿದೀನಿ. ಬರ್ತಾರೆ. ಆರಾಧನೆ ಮುಗಿದ ಮೇಲೆ ಕಲ್ಲಿನ ಮೇಲಿನ ಬಟ್ಟೆ ತೆಗೆಯೋದು."

"ಕಲ್ಲು..."

"ಟಾಕೊರಾಡಿಯಿಂದ ಹೊರಟಿದೆ. ಗೊತ್ತು. ಅವತ್ತಿಗೆ ಬಂದಿರ್ಲಿ. ಅವತ್ತು ಪ್ರಸಂಗ ಯಾರ್ದು?"

"ನಂದೇ."

"ಒಳ್ಳೇದಾಯ್ತು" ಎಂದಳು. ಆ ಒಳ್ಳೆಯದರಲ್ಲಿ ಒಳ್ಳೆಯದೇನೂ ಕಾಣಿಸಲಿಲ್ಲ.

ಡಬ್ಬಿ ತೆಗೆದು ನೋಡಿದೆ. ತಳದಲ್ಲಿ ಮುನ್ನೂರು ಸೆಡಿ ಉಳಿದಿದೆ. ಟಾಕೊರಾಡಿಯಲ್ಲಿ ಮುನ್ನೂರು ಸೆಡಿಗೆ ಒಂದು ಅಕ್ಷರವನ್ನೂ ಕೆತ್ತಿಕೊಡುವುದಿಲ್ಲ. ಆದರೆ ಮುನ್ನೂರರ ಇನ್ನೂರ ನಲವತ್ತು ಪಟ್ಟು? ಊರಿನ ಎಲ್ಲ ಸತ್ತವರಿಗೂ ಕಲ್ಲು ಹಾಕಿಸಬಹುದು.

ಸೆಪ್ಟೆಂಬರ್ 30, ಶನಿವಾರ

ಇವತ್ತು ಎಡಗಡೆ ಬರೆಯಲು ಮೊದಲ ಸಲ ಏನೋ ಸಿಕ್ಕಿತು. ಬೆಳಗ್ಗೆ ಮೊಣಕಾಲೂರಿದೆ. ಮೊಣಕಾಲು ಕಟಕ್ ಎಂದಿತು, ಬಹಳ ದಿನದ ಮೇಲೆ ಕಂಡ ಗೆಳೆಯನ ಹಾಗೆ.

ಎಡಗಡೆ: ಕರ್ತನೇ, 16 ಮತ್ತು 73. ನನಗಲ್ಲ, ಅರಾಬಾಳಿಗೆ.

ಡಬ್ಬಿಯ ಮುನ್ನೂರನ್ನೂ ಇದರ ಮೇಲೆ ಕಟ್ಟಿದೆ. ಮಧ್ಯಾಹ್ನ ಫೀಫಿಯ ರೇಡಿಯೋ ಸುತ್ತ ನಿಂತೆವು. ಮೊದಲು 16 ಬಂತು. ರೇಡಿಯೋವನ್ನು ನನ್ನ ಕಿವಿಯ ಹತ್ತಿರ ಎಳೆದುಕೊಂಡೆ. ಕೊನೆಗೆ ಬಂದದ್ದು 37.

ಬಲಗಡೆ: 16, 5, 88, 52, 37.

"ಒಂದು ಅಂಕಿ ಹಿಂದುಮುಂದು ಅಷ್ಟೇ ಉಪದೇಶಿಗಳೇ, ಬಹಳ ಹತ್ರ ಬಂದಿದ್ರಿ" ಎಂದ ಫೀಫಿ.

ಎರಡು ಆಡು.

ಅಕ್ಟೋಬರ್ 2, ಸೋಮವಾರ

ಬಣ್ಣದ ಡಬ್ಬಿ ತೆಗೆದುಕೊಂಡು ದೋಣಿಯ ಕೆಲಸಕ್ಕೆಂದು ಹೊರಟವನು ಸ್ಮಶಾನಕ್ಕೆ ಹೋದೆ. ನಿಜ ಹೇಳಬೇಕೆಂದರೆ ಯಾರೂ ಬಂದು ನೋಡದ ಹಳೆಯ ಗೋರಿಯೊಂದರ ಕಲ್ಲನ್ನು ಎರಡು ದಿನದ ಮಟ್ಟಿಗೆ ಸಾಲ ಪಡೆಯಬಹುದೇ ಎಂದು ನೋಡಲು. ಒಂದು ಸಿಕ್ಕಿತು. ಎತ್ತಲು ಹೋದೆ, ಸೊಂಟ ಒಪ್ಪಲಿಲ್ಲ. ಅದರಡಿಯ ಮಹಾನುಭಾವನ ಹೆಸರು ಗಂಡಸಿನದು ಎಂಬುದೂ ಆಮೇಲೆ ತಿಳಿಯಿತು.

ಅರಾಬಾಳ ಮಣ್ಣಿನ ಗುಡ್ಡೆಯ ಮೇಲೆ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ನಾನು ಅಲ್ಲಿಗೆ ಹೋಗಿ ಎಷ್ಟು ದಿನವಾಗಿತ್ತು ಎಂದು ಹುಲ್ಲು ನೋಡಿದರೆ ಯಾರಾದರೂ ಹೇಳುತ್ತಾರೆ. ಕಿತ್ತೆ. ಕೀಳುತ್ತ ಕೀಳುತ್ತ ಸಿಟ್ಟು ಬಂತು. ದೇವರಿಗೆ ಗಟ್ಟಿಯಾಗಿಯೇ ಅಂದೆ. ನೀನು ಅವಳನ್ನು ಯಾಕೆ ಕರೆದುಕೊಂಡೆ. ಹೊಟ್ಟೆನೋವೆಂದು ಹನ್ನೊಂದು ವಾರ ನರಳಿದಾಗ ನಾನು ಪ್ರತಿ ಭಾನುವಾರ ಪೀಠ ಹತ್ತಿ ನಿನ್ನ ಪರವಾಗಿ ಮಾತಾಡಿದೆ, ನೀನು ಒಂದು ಸಲ ನನ್ನ ಪರವಾಗಿ ಮಾತಾಡಿದೆಯಾ. ಅವಳನ್ನು ಹೂಳಿದ ಮರುದಿನದಿಂದ ನಿನಗೆ ಹೇಳುವುದೇನೂ ನನ್ನಲ್ಲಿರಲಿಲ್ಲ. ಹೇಳುವುದಿಲ್ಲದೆ ಹೇಳಿ ಹೇಳಿ ನಾನು ಒಣಗಿದೆ. ಒಣಗಿದ ಎಲುಬುಗಳ ಬಗ್ಗೆ ನನಗಿಂತ ಚೆನ್ನಾಗಿ ಯಾರು ಹೇಳುತ್ತಾರೆ. ಹೀಗೆ ಏನೇನೋ. ಬಿಸಿಲು ನೆತ್ತಿಯ ಮೇಲಿದ್ದಾಗ ಶುರುಮಾಡಿದವನು ದೋಣಿಗಳು ವಾಪಸು ಬರುವವರೆಗೂ ಬೈದೆ.

ಇದು ಜಗಳ, ಪ್ರಾರ್ಥನೆಯಲ್ಲ. ಆದ್ದರಿಂದ ಎಡಗಡೆ ಖಾಲಿ ಬಿಟ್ಟಿದ್ದೇನೆ.

ಅಕ್ಟೋಬರ್ 4, ಬುಧವಾರ

ಇನ್ನೂ ಸ್ವಲ್ಪ ಬೈಯುವುದು ಬಾಕಿಯಿತ್ತು. ಹೋಗಿ ಬಂದೆ. ಹುಲ್ಲು ಪೂರ್ತಿ ತೆಗೆದೆ.

ಅಕ್ಟೋಬರ್ 5, ಗುರುವಾರ

ಹೋದೆ. ಇವತ್ತು ಬೈಗುಳ ಬೇಗ ಮುಗಿಯಿತು. ಸುಮ್ಮನೆ ಕೂತೆ.

ಅಕ್ಟೋಬರ್ 8, ಭಾನುವಾರ

ಕನ್ನಡಕ ಹಾಕಿಕೊಂಡು ಮೂರು ಸಲ ನೋಡಿ ಅಂಕಿ ಸಿಕ್ಕಿಸಿದೆ. ಹೊರಗೆ ನ್ಯಾರ್ಕು ಪಕ್ಕಕ್ಕೆ ಕರೆದು, "ಎರಡನೇದು 158 ಆಗಿತ್ತಾ, 185 ಆಗಿತ್ತಾ? ಮಂಜುಗಣ್ಣು, ಕಾಣ್ಲಿಲ್ಲ" ಎಂದು ಪಿಸುಗುಟ್ಟಿದ. ನೆನಪಾಗಲಿಲ್ಲ. ಎಷ್ಟು ತಲೆ ಕೆರೆದರೂ ಬರಲಿಲ್ಲ. ಆ ಗೀತೆಯಲ್ಲಿ ಬಾಗಿಲು ತೆರೆದಿಟ್ಟು ಕಾಯುವ ಒಬ್ಬ ತಂದೆಯ ಮಾತಿತ್ತು, ಅದು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಸಿಕ್ಕಿಕೊಂಡು ಕೂತಿದೆ. ನಂಬರು ಮಾತ್ರ ಹೋಯಿತು.

ವಯಸ್ಸಾಯಿತು. ಮರೆವು ಶುರುವಾಗಿದೆ. ಔಷಧಿ ಕೇಳಬೇಕು.

ಅಕ್ಟೋಬರ್ 11, ಬುಧವಾರ

ಎಕುವಾ ಡೊಕೊನೊ ತಂದುಕೊಟ್ಟಳು. ಕೂಸಿನ ವಿಷಯಕ್ಕೆ ಕ್ಷಮಿಸಿದ್ದಾಳೆ ಎಂದಲ್ಲ. ಜೊತೆಗೆ ಇಡಬೇಕಾದ ಕರಿದ ಮೀನು ಇಟ್ಟಿರಲಿಲ್ಲ.

"ಮಾವ, ಫೀಫಿ ನಿನ್ನ ಕೇಳ್ತಿದ್ದ. ಹತ್ತು ದಿನ ಆಯ್ತಂತೆ ಮುಖ ತೋರ್ಸಿ. ಹುಷಾರಿಲ್ವಾ ಅಂದ."

"ಹೌದಾ? ಮರ್ತೇಹೋಗಿತ್ತು."

"ನೀನು? ಫೀಫಿ ಅಂಗಡೀನ?" ಎಂದು ನನ್ನ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದಳು, "ಇಪ್ಪತ್ತೆರಡಕ್ಕೆ ಕಲ್ಲು ಬರುತ್ತಾ ಮಾವ?"

ಇವಳಿಗೆ ಸುಳ್ಳು ಹೇಳಲು ಬಾಯಿ ತೆರೆದೆ. ಟಾಕೊರಾಡಿ ಎಂಬ ಶಬ್ದವೇ ಬರಲಿಲ್ಲ. ಡೊಕೊನೊ ತುರುಕಿಕೊಂಡೆ. ಅವಳು ನನ್ನ ಮುಖ ನೋಡಿ, ಹೋಗಿ, ಕರಿದ ಮೀನು ತಂದಿಟ್ಟಳು.

ಅಕ್ಟೋಬರ್ 18, ಬುಧವಾರ

ಉಜ್ಜೀವನ ವಾರದ ಮೂರನೆಯ ದಿನ. ಬೆಳಗಾಗುವ ಹೊತ್ತಿಗೇ ಆರಾಧನೆ. ನಾನು ಬೆಂಚು ಹೊರುತ್ತೇನೆ, ದೊಡ್ಡ ದನಿಯಲ್ಲಿ ಆಮೆನ್ ಹೇಳುತ್ತೇನೆ, ಬೇರೆಯವರ ಪಶ್ಚಾತ್ತಾಪವನ್ನು ಅಚ್ಚುಕಟ್ಟಾಗಿ ನಡೆಸಿಕೊಡುತ್ತೇನೆ.

ಇವತ್ತು ನ್ಯಾರ್ಕು ಎದ್ದು ಲಾಟರಿಯ ಸಂಗತಿ ಒಪ್ಪಿಕೊಂಡ. ಬಲೆ ಬಿಡಿಸಿಕೊಂಡಿದ್ದಾನಂತೆ. ಅವನ ಹಿಂದೆ ಗಾಯಕಮಂಡಳಿಯ ಅವಳು, ಆಮೇಲೆ ಮತ್ತೊಬ್ಬ, ಮಗದೊಬ್ಬ. ಲೆಕ್ಕ ಹಾಕಿದೆ. ಹದಿನಾಲ್ಕೂ ಮುಗಿಯಿತು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಎಂದೆ.

ಮುಗಿದ ಮೇಲೆ ಅಯ್ಯನವರು ಬೆಂಚಿನ ಇನ್ನೊಂದು ತುದಿ ಹಿಡಿದರು.

"ಉಪದೇಶಿಗಳೇ, ಪುಸ್ತಕ ಬರೀತಿದೀರಾ?"

"ಎಡಗಡೆ ಖಾಲಿ ಅಯ್ಯನವರೇ. ಜಗಳ ಆಡ್ತಿದೀನಿ ಅಷ್ಟೇ."

"ಯಾರ ಜೊತೆ?"

ಕೈಯಿಂದ ಮೇಲೆ ತೋರಿಸಿದೆ. ಅವರು ನಗಲಿಲ್ಲ. "ಎಷ್ಟು ದಿನದಿಂದ?"

"ದಿನಾ."

"ದಿನಾ ಮಾತಾಡೋರಿಗೆ ನಾನು ಹೇಳಿಕೊಡೋದು ಏನಿದೆ" ಎಂದು ಬೆಂಚು ಕೆಳಗಿಟ್ಟು ಹೋದರು. ಈಗಿನ ಹುಡುಗರು ಮಾತನ್ನು ಅರ್ಧಕ್ಕೆ ಬಿಡುತ್ತಾರೆ.

ಎಡಗಡೆ: ಭಾನುವಾರದವರೆಗೆ ನನಗೆ ಧೈರ್ಯ ಕೊಡಬೇಡ. ಕೊಟ್ಟರೆ ಉಪಯೋಗಿಸಬೇಕಾಗುತ್ತದೆ.

ಅಕ್ಟೋಬರ್ 21, ಶನಿವಾರ

ಹಿರಿಯರು ಬಂದಿಳಿದರು. ಮೂವರು. ಒಬ್ಬರ ಕೈಯಲ್ಲಿ ಗೋರಿಗೆ ಹೊದಿಸುವ ಬಿಳಿ ಬಟ್ಟೆ ಇತ್ತು.

ಅಕ್ಟೋಬರ್ 22, ಭಾನುವಾರ

ಬರೆದು ಮುಗಿಸಿದ ಮೇಲೆ ಮಲಗುತ್ತೇನೆ. ನಡೆದದ್ದು ನಡೆದ ಹಾಗೆ.

ಸಭೆ ತುಂಬಿತ್ತು. ಮೂರನೆಯ ಬೆಂಚಿನಲ್ಲಿ ಬಿಳಿ ಬಟ್ಟೆ ಹೊದ್ದ ಹಿರಿಯರು, ಅವರ ಪಕ್ಕ ಅತ್ತಿಗೆ. ಅವಳ ತೊಡೆಯ ಮೇಲೆ ಆ ಮಡಿಚಿದ ಬಟ್ಟೆ. ನಾನು ಎಲುಬುಗಳ ಕಣಿವೆ ಶುರುಮಾಡಿದೆ. ಬಾಯಿ ತಾನಾಗಿ ನಡೆಯುತ್ತಿತ್ತು, ಕಟ್ಟದೇ ಬಿಟ್ಟ ಕತ್ತೆ ಮನೆ ದಾರಿ ಹಿಡಿದ ಹಾಗೆ. ಗುದ್ದುವ ಜಾಗ ಬಂತು. ನ್ಯಾರ್ಕು ಕೋಲು ಬಿಗಿಹಿಡಿದ. ನಾನು ಕೈ ಎತ್ತಿದೆ. ಕೆಳಗಿಳಿಸಲು ಆಗಲಿಲ್ಲ.

'ಮನುಷ್ಯನೇ, ಈ ಎಲುಬುಗಳು ಬದುಕುವವೋ' ಎಂದು ಅಲ್ಲಿ ಒಂದು ಪ್ರಶ್ನೆಯಿದೆ. ಇಪ್ಪತ್ತು ವರ್ಷ ಅದನ್ನು ಜನರಿಗೆ ಕೇಳಿದ್ದೇನೆ. ಇವತ್ತು ಅದು ನನ್ನನ್ನು ಕೇಳಿದ ಹಾಗಾಯಿತು, ಎತ್ತಿದ ಕೈ ಎತ್ತಿದಲ್ಲೇ ಇರುವಾಗ.

"ಬಟ್ಟೆ ಬಿಚ್ಚಬೇಡಿ ಅತ್ತಿಗೆ" ಎಂದೆ. "ಕಲ್ಲು ಟಾಕೊರಾಡಿಯಿಂದ ಹೊರಟಿಲ್ಲ. ಅಲ್ಲಿ ನಮ್ಮ ಕಲ್ಲೇ ಇಲ್ಲ. ನಾನು ಮಾಡಿಸೋಕೆ ಹೇಳೇ ಇಲ್ಲ."

ಹೊರಗೆ ಕಡಲು ಕೇಳಿಸಿತು. ತಿಮಿಂಗಿಲಗಳು ಏನೂ ಅನ್ನಲಿಲ್ಲ.

"ಅರಾಬಾ ಕೊಟ್ಟ ಡಬ್ಬಿ ನಾನು ಫೀಫಿ ಅಂಗಡಿಗೆ ಖಾಲಿ ಮಾಡಿದೆ. ಈ ಹಲಗೆ ನೋಡಿ ನೋಡಿ ಕಟ್ಟಿದೆ. ನಿಮಗೆಲ್ಲ ಕಲಿಸಿದವನು ನಾನು. ಮೂರು ವರ್ಷದಿಂದ ಇಲ್ಲಿ ನಿಂತು ಆಡಿದ್ದು ಬರೀ ಬಾಯಿ. ಅವಳು ಹೋದ್ಮೇಲೆ ನನಗೆ ಪ್ರಾರ್ಥನೆ ಬರ್ತಿರ್ಲಿಲ್ಲ. ನಂಬರಾದ್ರೂ ಬರುತ್ತೇನೋ ಅಂತ ನೋಡ್ತಿದ್ದೆ. ಡಬ್ಬೀಲಿ ಇದ್ದಿದ್ದು ಒಟ್ಟು..."

ಅಷ್ಟರಲ್ಲಿ ಹಾಡು ಎದ್ದಿತು.

ಮೊದಲು ಯಾರೆಂದು ತಿಳಿಯಲಿಲ್ಲ. ದನಿ ಒಡೆದಿತ್ತು, ತುಕ್ಕು ಹಿಡಿದಿತ್ತು. ಅತ್ತಿಗೆ ಕೂತಲ್ಲೇ ಕಣ್ಣು ಮುಚ್ಚಿ ಹಾಡುತ್ತಿದ್ದಳು. 'ಹೊಗೆಯೊಳಗೆ ಕಣ್ಣು ಕಾಣದೆ ನಿಂತಿದ್ದೆ, ಒಡೆಯಾ. ನನ್ನ ಕೈ ಹಿಡಿದದ್ದು ಯಾರು? ನೀನೇ.' ಅಷ್ಟೇ. ಅದನ್ನೇ ಮತ್ತೆ ಮತ್ತೆ. ಎರಡನೆಯ ಸಲಕ್ಕೆ ಮುದುಕಿಯರು ಸೇರಿಕೊಂಡರು, ಮೂರನೆಯದಕ್ಕೆ ಎಲ್ಲರೂ. ಯಾವ ಪುಸ್ತಕದಲ್ಲೂ ಇಲ್ಲದ್ದು, ಯಾವ ನಂಬರೂ ಇಲ್ಲದ್ದು. ಪದ್ಧತಿಯ ಪ್ರಕಾರ ನಾನು ಬಾಯಿ ಮುಚ್ಚಿ ನಿಂತೆ. ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಮೇಜಿನ ಮೇಲಿಟ್ಟೆ. ಹಾಡು ಮುಗಿದಾಗ ಇಳಿದು ಬಂದು ಕೂತೆ.

ಹೊರಗೆ ದೊಡ್ಡ ಹಿರಿಯ ನನ್ನ ಎದುರು ಬಂದು ನಿಂತ. "ನಮ್ಮ ಹುಡುಗೀನ ಮೂರು ವರ್ಷ ಬರೀ ಮಣ್ಣಲ್ಲಿ ಮಲಗಿಸಿದ್ಯಲ್ಲೋ. ನೀನು ಗಂಡಸೇನೋ?"

ಅತ್ತಿಗೆ ನಡುವೆ ಬಂದಳು. "ಬಿಡಿ. ಇವನು ನಂಗೆ ಬೇಕು. ಪ್ರತಿ ಶನಿವಾರ ನನ್ನ ಒಲೆ ಮುಂದೆ ಕೂತು ಮೀನು ತಿರುವಿ ಹಾಕ್ತಾನೆ. ಕೂಲಿ ನನ್ನ ಹತ್ರ ಇರುತ್ತೆ. ಕಲ್ಲಿಗೆ ಆಗೋವಷ್ಟು ಆದಾಗ ನಾನೇ ಟಾಕೊರಾಡಿಗೆ ಹೋಗ್ತೀನಿ."

"ಅತ್ತಿಗೆ," ಎಂದೆ, "ನನ್ನ ಕ್ಷಮಿಸಿ ಹಾಡಿದ್ರಾ?"

"ಜಾಸ್ತಿ ಅಂದ್ಕೋಬೇಡ. ಕ್ಷಮಿಸಿದೀನಿ ಅಂತ ಯಾರಂದ್ರು? ಹಾಡು ಬಂತು, ಹಾಡ್ದೆ." ಬಟ್ಟೆಯ ಮಡಿಕೆ ಸರಿಮಾಡಿದಳು. "ಮೂರು ವರ್ಷ ನಂಗೂ ಬಂದಿರ್ಲಿಲ್ಲ ಎಕೋವ್."

ಅಕ್ಟೋಬರ್ 28, ಶನಿವಾರ

ಮೊದಲ ಕೂಲಿ. ಮಣ್ಣಿನ ಒಲೆಗಳ ಸಾಲು, ಒಂದರ ಮೇಲೊಂದು ಮೀನಿನ ಜಾಲರಿ. ಗಳಿಗೆಗೊಮ್ಮೆ ಮೇಲಿನದು ಕೆಳಗೆ, ಕೆಳಗಿನದು ಮೇಲೆ. ಕಣ್ಣು ಮೂಗು ಸೋರಿ ಗಡ್ಡ ಒದ್ದೆಯಾಯಿತು. ದೂರದಲ್ಲಿ ಫೀಫಿಯ ರೇಡಿಯೋ ಸಂಖ್ಯೆ ಓದುವುದು ಕೇಳಿಸಿತು. ಹೊಗೆಯಲ್ಲಿ ಕಿವಿಯೂ ಸರಿಯಾಗಿ ಕೆಲಸ ಮಾಡುವುದಿಲ್ಲ ಎಂದು ಕಾಣುತ್ತದೆ. ಒಂದೂ ನೆನಪಿಲ್ಲ.

ಕಲ್ಲು ಬರುವವರೆಗೆ ಬರೀ ಮಣ್ಣು ಬೇಡ ಎಂದು ಅತ್ತಿಗೆ ಮುರಿದ ದೋಣಿಯ ಒಂದು ಹಲಗೆ ಕೊಟ್ಟಿದ್ದಾಳೆ. ಅದರ ಮೇಲೆ ಅರಾಬಾಳ ಹೆಸರನ್ನು ನೀಲಿಯಲ್ಲಿ ಬರೆದೆ. ದೋಣಿಯ ಬಣ್ಣ, ಮಳೆಗೆ ಹೋಗುವುದಿಲ್ಲ. ಬೆಳಗ್ಗೆ ನೆಟ್ಟು ಬಂದೆ. ಅಲ್ಲಿ ಸ್ವಲ್ಪ ಹೊತ್ತು ಕೂತು ಅದೂ ಇದೂ ಮಾತಾಡಿದೆ, ಅವಳ ಜೊತೆ ಸ್ವಲ್ಪ, ಮೇಲಿರುವವನ ಜೊತೆ ಸ್ವಲ್ಪ. ಎಡಗಡೆ ಬರೆಯೋಣವೆಂದರೆ ಏನು ಮಾತಾಡಿದೆನೆಂದು ಈಗ ಹೇಳಲು ಬರುತ್ತಿಲ್ಲ. ಖಾಲಿ ಬಿಟ್ಟಿದ್ದೇನೆ.

ಸಂಜೆ ಜಾಲರಿ ಇಳಿಸುವಾಗ ಅತ್ತಿಗೆ ಕೇಳಿದಳು.

"ಅವತ್ತು ಪೀಠದ ಮೇಲೆ ಮೊತ್ತ ಹೇಳೋಕೆ ಹೊರಟಿದ್ದೆ. ಎಷ್ಟು?"

"ಸಾವಿರದ ಒಳಗೆ ಅತ್ತಿಗೆ."

ಮೀನು ತಿರುವುತ್ತಲೇ ಇದ್ದಳು.

"ಎರಡು ಸಾವಿರ ಇದ್ದಿರಬಹುದು" ಎಂದೆ.

"ನಂಗೆ ಓದೋಕೆ ಬರಲ್ಲ ಎಕೋವ್. ಎಣಿಸೋಕೆ ಬರುತ್ತೆ. ಅರಾಬಾ ಡಬ್ಬಿಗೆ ಹಾಕೋವಾಗೆಲ್ಲ ಪಕ್ಕದಲ್ಲಿ ಕೂತು ಎಣಿಸಿದ್ದು ನಾನು. ನಂಗೆ ಹೇಳ್ಬೇಡ, ನಂಗೆ ಗೊತ್ತು. ನಿನ್ನ ಆ ಪುಸ್ತಕ ಇದ್ಯಲ್ಲ, ಅಲ್ಲಿ ಬರಿ."

ಬರೆಯುತ್ತಿದ್ದೇನೆ. ಮೊದಲ ಪುಟದಲ್ಲಿ ತಿಮಿಂಗಿಲಗಳು ಎರಡು ಸಲ ಆಮೆನ್ ಎಂದವು ಎಂದು ಬರೆದದ್ದು ಸ್ವಲ್ಪ ಹೆಚ್ಚಾಯಿತು. ಒಂದೇ ಸಲ.

ಕೋಳಿಯೂ ಅಲ್ಲ, ಆಡೂ ಅಲ್ಲ, ಎರಡು ಆಡೂ ಅಲ್ಲ. ಹನ್ನೊಂದು ವರ್ಷ ಹೊಗೆಯಲ್ಲಿ ಕೂತು ಅವಳು ಕೂಡಿಟ್ಟದ್ದು, ನಾನು ಕಳೆದದ್ದು: ನಾಲ್ಕು ಸಾವಿರದ ಏಳುನೂರ ಮೂವತ್ತು ಸೆಡಿ.